ಹಸಿರಾದ ಪೂಲಿಗೆ ಯಾವ ಕ್ಲೋರಿನ್? ಪುಡಿ, ಮಾತ್ರೆ, ಲಿಕ್ವಿಡ್ ಮೂರನ್ನೂ ಹಾಕಿ ನೋಡಿದೆ

ಸಕಲೇಶಪುರದ ಕಡೆ ಮಳೆಗಾಲಕ್ಕೆ ಹೋಂಸ್ಟೇ ಪೂಲ್ ಮುಚ್ಚಿದರೆ ದಸರಾ ಹೊತ್ತಿಗೆ ಅದು ಕೆರೆಯಾಗಿರುತ್ತದೆ. ಕರೆಂಟ್ ಇಲ್ಲದೆ ಪಂಪ್ ನಿಂತಿರುತ್ತದೆ. ಸಿಲ್ವರ್ ಓಕ್ ಎಲೆ ತಳದಲ್ಲಿ ಕೊಳೆತಿರುತ್ತದೆ. ಕಪ್ಪೆಗಳು ಸಂಸಾರ ಹೂಡಿರುತ್ತವೆ.

ನಮ್ಮ ಪೂಲ್ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.25 ಮೀಟರ್ ಆಳ. ಒಟ್ಟು 40 ಸಾವಿರ ಲೀಟರ್. ಕ್ಲೋರಿನ್ 1 ಪಿಪಿಎಂ, ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ, ಏರಬೇಕಾದರೆ ಇದಕ್ಕೆ 40 ಗ್ರಾಂ ಬೇಕು. ಆದರೆ ಅಂಗಡಿಯಲ್ಲಿ ಸಿಗುವ ಯಾವುದೂ ಪೂರ್ತಿ ಕ್ಲೋರಿನ್ ಅಲ್ಲ. ಬ್ಲೀಚಿಂಗ್ ಪೌಡರ್‌ನಲ್ಲಿ ಕೆಲಸಕ್ಕೆ ಬರುವುದು ಶೇ. 30ರ ಆಸುಪಾಸು, ಟಿಸಿಸಿಎ (ಟ್ರೈಕ್ಲೋರೋ ಐಸೊಸಯನ್ಯೂರಿಕ್ ಆಸಿಡ್) ಮಾತ್ರೆಯಲ್ಲಿ ಶೇ. 90, ಲಿಕ್ವಿಡ್ ಹೈಪೋದಲ್ಲಿ (ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಶೇ. 10ರಿಂದ 12. ಈ ಲೆಕ್ಕ ಹಾಕದೆ ಬೆಲೆ ಹೋಲಿಸಿದರೆ ಮೋಸ ಹೋಗುತ್ತೀರಿ. ನಾನು ಹೋಗಿದ್ದೆ.

ಮೊದಲ ವರ್ಷ ಬ್ಲೀಚಿಂಗ್ ಪೌಡರ್ ತಂದೆವು. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಪೂಲಿಗೆ ಬಿಡಬೇಕು. ನಮ್ಮ ಕೆಲಸದ ಹುಡುಗ ನೇರವಾಗಿ ಸುರಿದುಬಿಟ್ಟ. ನೀರು ಹಸಿರಿನಿಂದ ಮಜ್ಜಿಗೆ ಬಣ್ಣಕ್ಕೆ ಬಂತು, ತಳದಲ್ಲಿ ಸುಣ್ಣದ ಪದರ ಕೂತಿತು. ನೀರಿನ ಹುಳಿ-ಕ್ಷಾರದ ಅಳತೆ ಪಿಎಚ್ 8 ದಾಟಿತು. ಆ ಪಿಎಚ್‌ನಲ್ಲಿ ಹಾಕಿದ ಕ್ಲೋರಿನ್‌ನ ಸುಮಾರು ಕಾಲು ಭಾಗ ಮಾತ್ರ ಚುರುಕಾಗಿರುತ್ತದೆ. ಉಳಿದದ್ದು ನೀರಿನಲ್ಲಿ ಸುಮ್ನೆ ಇರುತ್ತದೆ. ಜೊತೆಗೆ ಮಲೆನಾಡಿನ ತೇವಕ್ಕೆ ಬಾಯಿ ಬಿಚ್ಚಿದ ಚೀಲ ದಿನೇ ದಿನೇ ಸತ್ವ ಕಳೆದುಕೊಳ್ಳುತ್ತದೆ. ಪಾಚಿ ಸತ್ತಿತು, ನಿಜ. ನೀರು ತಿಳಿಯಾಗಲು ಹನ್ನೊಂದು ದಿನ ಹಿಡಿಯಿತು. ಇದನ್ನು ಮತ್ತೆ ತರುವುದಿಲ್ಲ.

ಆಮೇಲೆ ಟಿಸಿಸಿಎ ಮಾತ್ರೆ. 200 ಗ್ರಾಂನ ಒಂದೊಂದು ಬಿಲ್ಲೆಯನ್ನು ತೇಲುವ ಡಬ್ಬಿಗೆ ಹಾಕಿ ಬಿಟ್ಟರೆ ತಾನೇ ನಿಧಾನಕ್ಕೆ ಕರಗುತ್ತದೆ. ಕಸ ಇಲ್ಲ, ಸುಣ್ಣ ಇಲ್ಲ. ವಾರಕ್ಕೆ ಮೂರು ಬಿಲ್ಲೆ. ನವೆಂಬರಿನಿಂದ ಫೆಬ್ರವರಿವರೆಗೆ ನಾನು ಪೂಲ್ ಕಡೆ ತಿರುಗಿಯೂ ನೋಡಲಿಲ್ಲ ಅನ್ನಬಹುದು. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಗೋಡೆ ಮುಟ್ಟಿದರೆ ಜಾರುತ್ತಿತ್ತು. ನಾಲ್ಕು ದಿನಕ್ಕೆ ನೀರು ಹಸಿರು. ವಿಚಿತ್ರ ಅಂದರೆ ನೀರು ಪರೀಕ್ಷಿಸುವ ಕಿಟ್‌ನಲ್ಲಿ ಕ್ಲೋರಿನ್ 3 ಪಿಪಿಎಂ ತೋರಿಸುತ್ತಿತ್ತು! ಕ್ಲೋರಿನ್ ಇದ್ದೂ ಪಾಚಿ ಹೇಗೆ?

ಕಾರಣ ಮಾತ್ರೆಯೊಳಗೇ ಇತ್ತು. ಟಿಸಿಸಿಎ ಕರಗಿದಾಗ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಸಿಡ್ ಕೂಡ ನೀರಿಗೆ ಸೇರುತ್ತದೆ. 10 ಪಿಪಿಎಂ ಕ್ಲೋರಿನ್‌ಗೆ ಸುಮಾರು 6 ಪಿಪಿಎಂ. ಇದು ಬಿಸಿಲಿಗೆ ಕ್ಲೋರಿನ್ ಹಾಳಾಗದಂತೆ ಹಿಡಿದಿಡುತ್ತದೆ, ಅದು ಒಳ್ಳೆಯದೇ. ಇದು ಇಲ್ಲದಿದ್ದರೆ ನೇರ ಬಿಸಿಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಅರ್ಧ ಕ್ಲೋರಿನ್ ಮಾಯ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಇದು ಆಗುವುದಿಲ್ಲ. ವಾರ ವಾರ ಸೇರುತ್ತಲೇ ಹೋಗುತ್ತದೆ. ಜಾಸ್ತಿಯಾದರೆ ಕ್ಲೋರಿನ್‌ನ ಕೈ ಕಟ್ಟಿಹಾಕುತ್ತದೆ. ನೀರು ಮಬ್ಬಾಗಿ ತಳದ ಕಪ್ಪು ಚುಕ್ಕೆ ಯಾವಾಗ ಮರೆಯಾಗುತ್ತದೆ ಎಂದು ನೋಡುವ ಕಿಟ್ ತರಿಸಿ ಸಯನ್ಯೂರಿಕ್ ಅಳೆದೆ. 30ರಿಂದ 50 ಪಿಪಿಎಂ ಇರಬೇಕಾದದ್ದು 100 ದಾಟಿತ್ತು. ಪಾಚಿ ಕೊಲ್ಲಲು ಸಯನ್ಯೂರಿಕ್‌ನ ಶೇ. 40ರಷ್ಟು ಕ್ಲೋರಿನ್ ಬೇಕು ಅನ್ನುವುದು ಪೂಲ್ ನೋಡಿಕೊಳ್ಳುವವರ ಲೆಕ್ಕ. 30 ಇದ್ದರೆ 12 ಪಿಪಿಎಂ ಸಾಕು, ಅಂದರೆ ಐದು ಲೀಟರ್ ಲಿಕ್ವಿಡ್. 100 ಇದ್ದರೆ 40 ಪಿಪಿಎಂ, ಹದಿನಾರು ಲೀಟರ್. ಇದನ್ನು ಇಳಿಸುವ ಪುಡಿ ಹುಡುಕುತ್ತಾ ಕೂರಲಿಲ್ಲ. ಮೂರರಲ್ಲಿ ಎರಡು ಪಾಲು ನೀರು ಖಾಲಿ ಮಾಡಿಸಿದೆ. ಮಾರ್ಚ್‌ನಲ್ಲಿ, ಕಾಫಿಗೆ ನೀರು ಹೊಡೆಯುವ ಕಾಲದಲ್ಲಿ! ಮನೆಯಲ್ಲಿ ಯಾರೂ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಆಗಲೇ ಮಾವ ಬಾಯಿ ಹಾಕಿದ್ದು. "ಇಷ್ಟಕ್ಕೆಲ್ಲ ಯಾಕಮ್ಮ ಒದ್ದಾಡ್ತೀಯ? ಗೋಡೌನಿನಲ್ಲಿ ಮೈಲುತುತ್ತ ಇದೆ, ಎರಡು ಹಿಡಿ ಹಾಕು."

"ಮಾವ, ಅದು ಕಾಫಿ ಗಿಡಕ್ಕೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ ಇಟ್ಟಿರೋದು. ಮಕ್ಕಳು ಈಜೋ ನೀರು ಇದು."

ನಾನು ಹಾಸನಕ್ಕೆ ಹೋದ ದಿನ ಹಾಕಿಸಿಯೇಬಿಟ್ಟರು. ಮೈಲುತುತ್ತದಲ್ಲಿರುವ ತಾಮ್ರ ಪಾಚಿಗೆ ವಿಷ ಹೌದು, ಹಸಿರು ಇಳಿಯಿತು. ಆದರೆ ತಾಮ್ರ ಎಲ್ಲಿಗೂ ಹೋಗುವುದಿಲ್ಲ. ಪಿಎಚ್ ಏರಿದಾಗ ಬಿಳಿ ಮೆಟ್ಟಿಲ ಮೇಲೆ ನೀಲಿ-ಹಸಿರು ಕಲೆಯಾಗಿ ಕೂತಿತು. ದಿನಾ ಬೆಳಿಗ್ಗೆ ಈಜುವವರು ಮಾವನೇ ಅಲ್ವಾ, ಎರಡು ವಾರದಲ್ಲಿ ಅವರ ಬಿಳಿ ಕೂದಲಿಗೂ ಹಸಿರು ಛಾಯೆ ಬಂತು. ಆಮೇಲೆ ಮೈಲುತುತ್ತದ ಮಾತು ಬಂದಿಲ್ಲ.

ಆಲ್ಜಿಸೈಡ್ ಅನ್ನುವ ಪಾಚಿನಾಶಕದ ಬಾಟಲಿಯನ್ನೂ ಒಮ್ಮೆ ತಂದಿದ್ದೆ. ನೀರು ಬಟ್ಟೆ ಒಗೆದ ಹಾಗೆ ನೊರೆ ಬಂತು. ಪಾಚಿ ಬರುವ ಮುಂಚೆ ಹಾಕಿದರೆ ತಡೆಯಬಹುದೇನೋ, ಬಂದ ಮೇಲೆ ದುಡ್ಡು ದಂಡ.

ಕಳೆದ ಅಕ್ಟೋಬರಿನಲ್ಲಿ ಲಿಕ್ವಿಡ್ ಹೈಪೋ ಬಳಸಿದೆ. ಇದರ ತಾಪತ್ರಯ ಬೇರೆ. ಕ್ಯಾನ್ ಭಾರ, ಬಟ್ಟೆಗೆ ಹಾರಿದರೆ ಬಟ್ಟೆ ಹೋಯಿತು, ಬಿಸಿಲಲ್ಲಿ ಇಟ್ಟರೆ ವಾರಗಳಲ್ಲಿ ಶಕ್ತಿ ಇಳಿಯುತ್ತದೆ. ಹೊಸ ಮಾಲು ತಂದು ಕತ್ತಲೆ ಕೋಣೆಯಲ್ಲಿ ಇಡಬೇಕು. ಆದರೆ ಸುಣ್ಣವೂ ಇಲ್ಲ, ಸಯನ್ಯೂರಿಕ್ಕೂ ಇಲ್ಲ. ಮೊದಲು ಎಲೆ ತೆಗೆಸಿ, ಆಸಿಡ್ ಹಾಕಿ ಪಿಎಚ್ 7.2ಕ್ಕೆ ತಂದೆ. ಇದನ್ನು ಮೊದಲೇ ಮಾಡಬೇಕು, ಯಾಕೆಂದರೆ ಕ್ಲೋರಿನ್ 10 ದಾಟಿದರೆ ಕಿಟ್‌ನ ಪಿಎಚ್ ಬಣ್ಣ ಸುಳ್ಳು ಹೇಳುತ್ತದೆ. ಆಸಿಡ್ ಹಾಕಿ ಪಂಪ್ ಚೆನ್ನಾಗಿ ಓಡಿದ ಮೇಲೆಯೇ ಕ್ಲೋರಿನ್. ಎರಡೂ ಒಟ್ಟಿಗೆ ಸೇರಿದರೆ ವಿಷಗಾಳಿ. ಹಾಗೆಯೇ ಟಿಸಿಸಿಎ ತೆಗೆದ ಮಗ್‌ನಲ್ಲಿ ಬ್ಲೀಚಿಂಗ್ ಪೌಡರ್ ತೆಗೆಯಬೇಡಿ, ಬೆಂಕಿ ಹೊತ್ತುತ್ತದೆ.

ಸೂರ್ಯ ಮುಳುಗಿದ ಮೇಲೆ ಐದು ಲೀಟರ್ ಹಾಕಿಸಿ, ಇಡೀ ರಾತ್ರಿ ಪಂಪ್ ಓಡಿಸಿದೆ. ದಿನಕ್ಕೆ ಎರಡು ಸಲ ಗೋಡೆ, ಮೂಲೆ, ಏಣಿಯ ಹಿಂದೆ ಬ್ರಶ್. ಫಿಲ್ಟರಿನ ಪ್ರೆಶರ್ ಗೇಜ್ ಮಾಮೂಲಿಗಿಂತ 8 ಪಿಎಸ್‌ಐ ಏರಿದಾಗಲೆಲ್ಲ ಬ್ಯಾಕ್‌ವಾಷ್, ಅಂದರೆ ಉಲ್ಟಾ ನೀರು ಹಾಯಿಸಿ ಫಿಲ್ಟರ್ ತೊಳೆಯುವುದು. ಎರಡನೇ ದಿನ ನೀರು ಬೂದಿ ಬಣ್ಣವಾಯಿತು, ಅಂದರೆ ಪಾಚಿ ಸತ್ತಿದೆ. ಒಂದು ಕೆಜಿ ಪಟಿಕ ಕರಗಿಸಿ ಹಾಕಿ ಪಂಪ್ ನಿಲ್ಲಿಸಿದೆ. ಬೆಳಿಗ್ಗೆ ಹೊತ್ತಿಗೆ ಎಲ್ಲ ತಳ ಸೇರಿತ್ತು. ಅದನ್ನು ಫಿಲ್ಟರಿಗೆ ಬಿಡದೆ ನೇರ ಹೊರಗೆ ವ್ಯಾಕ್ಯೂಮ್ ಮಾಡಿಸಿದೆ. ಐದನೇ ದಿನ ತಳದ ಟೈಲ್ಸ್ ಗೆರೆ ಕಂಡಿತು.

ಹಾಗಂತ ಮಾತ್ರೆ ಬಿಟ್ಟಿಲ್ಲ. ಮಳೆ ನೀರು ಸೇರಿ ಸಯನ್ಯೂರಿಕ್ ತೆಳುವಾಗಿರುತ್ತದೆ. ಅದಕ್ಕೇ ಅಕ್ಟೋಬರ್, ನವೆಂಬರ್‌ನಲ್ಲಿ ಅದು 30 ಮುಟ್ಟುವವರೆಗೆ ಟಿಸಿಸಿಎ, ಅಲ್ಲಿಂದ ಮುಂದೆ ಮೇ ತನಕ ಸಂಜೆ ಸಂಜೆ ಒಂದೊಂದು ಮಗ್ ಲಿಕ್ವಿಡ್. ಮೆಟ್ಟಿಲ ಮೇಲಿನ ತಾಮ್ರದ ಕಲೆ ಮಾತ್ರ ಇನ್ನೂ ಹಾಗೇ ಇದೆ. ಅತಿಥಿಗಳು ಅದನ್ನು ಡಿಸೈನ್ ಅಂದುಕೊಂಡಿದ್ದಾರೆ, ನಾವೂ ತಿದ್ದಿಲ್ಲ.