ತೆರೆಯ ಮೇಲಿನ ಪತ್ರಕರ್ತರಲ್ಲಿ ನಮಗೆ ಹತ್ತಿರದವರು ಯಾರು?

ಬಳ್ಳಾರಿಯಲ್ಲಿ 11 ವರ್ಷ ಕ್ರೀಡಾ ಸುದ್ದಿ ಬರೆದವನು ನಾನು. ತಾಲ್ಲೂಕು ಕಬಡ್ಡಿ, ದಸರಾ ಕ್ರೀಡಾಕೂಟ, ಶಾಲೆಗಳ ಖೋ-ಖೋ, ಹೆಚ್ಚಿನಂಶ ಇಷ್ಟೇ. ಈ ವರ್ಷ ಅಕ್ಕನ ಮಗ ಪತ್ರಿಕೋದ್ಯಮ ಓದಲು ಸೇರಿದ. "ಮಾವ, ನಿಮ್ಮ ಕೆಲ್ಸ ಹೆಂಗಿರ್ತೈತೆ ಅಂತ ತೋರಿಸೋ ಸಿನಿಮಾ ಯಾವುದಾದ್ರೂ ಐತೇನು?" ಎಂದು ಕೇಳಿದ. ಮೇ ತಿಂಗಳ ಬಿಸಿಲಿಗೆ ಹೊರಗೆ ಕಾಲಿಡುವಂತಿರಲಿಲ್ಲ. ಕೂಲರ್ ಹಾಕಿಕೊಂಡು ನಾಲ್ಕು ಭಾನುವಾರ ಇಬ್ಬರೂ ಕೂತು ನೋಡಿದೆವು.

ಮೊದಲು ಹಾಕಿದ್ದು 'ಎವೆರಿಬಡಿ ಲವ್ಸ್ ರೇಮಂಡ್'. 1996ರಿಂದ 2005ರವರೆಗೆ ಓಡಿದ ಅಮೆರಿಕದ ಧಾರಾವಾಹಿ. ನಾಯಕ ರೇ ಬರೋನ್ 'ನ್ಯೂಸ್‌ಡೇ' ಪತ್ರಿಕೆಯ ಕ್ರೀಡಾ ಅಂಕಣಕಾರ. ನಾವು ನೋಡಿದ ಕಂತುಗಳಲ್ಲೆಲ್ಲ ಅಪ್ಪ, ಅಮ್ಮ, ಅಣ್ಣ, ಹೆಂಡತಿಯದೇ ಗಲಾಟೆ. "ಇವ್ನು ಬರಿಯೋದು ಯಾವಾಗ ಮಾವ?" ಎಂದ ಹುಡುಗ. ಕುಟುಂಬದ ಕಥೆಯಾಗಿ ಚೆನ್ನಾಗಿದೆ. ನಮ್ಮ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

1968ರ 'ದಿ ಆಡ್ ಕಪಲ್' ಕೂಡ ಮನೆಯೊಳಗಿನ ಕಥೆಯೇ. ಆದರೆ ಅದರಲ್ಲೊಂದು ದೃಶ್ಯ ನನ್ನನ್ನು ಹಿಡಿದು ಕೂರಿಸಿತು. ವಾಲ್ಟರ್ ಮ್ಯಾಥೌ ಮಾಡಿದ ಆಸ್ಕರ್ ಮ್ಯಾಡಿಸನ್ ಕ್ರೀಡಾ ಬರಹಗಾರ. ನ್ಯೂಯಾರ್ಕಿನ ಶೇ ಸ್ಟೇಡಿಯಂನ ಪ್ರೆಸ್ ಬಾಕ್ಸ್‌ನಲ್ಲಿ ಕೂತಿದ್ದಾಗ ಮನೆಯಲ್ಲಿರುವ ಗೆಳೆಯನಿಂದ ಫೋನ್ ಬರುತ್ತದೆ. ವಿಷಯ, ರಾತ್ರಿ ಊಟದ್ದು. ಅವನು ಆ ಮಾತಿಗೆ ತಿರುಗಿದಷ್ಟರಲ್ಲಿ ಮೈದಾನದಲ್ಲಿ ಟ್ರಿಪಲ್ ಪ್ಲೇ ಆಗಿಹೋಗುತ್ತದೆ, ಒಂದೇ ಹೊಡೆತಕ್ಕೆ ಮೂವರು ಔಟ್. ಬೇಸ್‌ಬಾಲ್‌ನಲ್ಲಿ ಬಲು ಅಪರೂಪದ ಘಟನೆ, ಬರೆಯಬೇಕಾದವನೇ ನೋಡಲಿಲ್ಲ. ಜನ ಈ ದೃಶ್ಯಕ್ಕೆ ನಗುತ್ತಾರೆ. ನನಗೆ ನಗು ಬರಲಿಲ್ಲ. ಒಂದು ಜಿಲ್ಲಾ ಕಬಡ್ಡಿ ಫೈನಲ್‌ನಲ್ಲಿ ಡೆಸ್ಕಿನಿಂದ ಹೆಸರಿನ ಕಾಗುಣಿತ ಕೇಳಲು ಫೋನ್ ಬಂತು, ಕೊನೆಯ ರೇಡ್ ನನ್ನ ಕಣ್ಣು ತಪ್ಪಿತು. ಪಕ್ಕದವರನ್ನು ಕೇಳಿ ಬರೆದೆ. ಮರುದಿನ ಆ ರೇಡರ್ ಪತ್ರಿಕೆ ಹಿಡಿದು ಬಂದು, "ಸರ್, ನಾನು ಬೋನಸ್ ಲೈನ್ ದಾಟಿ ಬಂದಿದ್ದೆ, ನೀವು ಟಚ್ ಪಾಯಿಂಟ್ ಅಂತ ಹಾಕೀರಿ" ಎಂದ. ಆ ಹುಡುಗನ ಮುಖ ಇನ್ನೂ ಮರೆತಿಲ್ಲ. ಕ್ರೀಡಾ ವರದಿಗಾರನ ನಿಜವಾದ ಭಯ ಏನೆಂದು ಆ ಒಂದು ನಿಮಿಷದ ದೃಶ್ಯಕ್ಕೆ ಗೊತ್ತು.

ಫುಟ್‌ಬಾಲ್ ಕೋಚ್ ಒಬ್ಬನ ಕಥೆಯಾದ 'ಟೆಡ್ ಲಾಸೊ' ಧಾರಾವಾಹಿ (2020ರಲ್ಲಿ ಶುರುವಾದದ್ದು) ನನ್ನ ಮಟ್ಟಿಗೆ ಅತ್ಯಂತ ಕಷ್ಟದ ಪರೀಕ್ಷೆ. ಅದರ ಪತ್ರಕರ್ತ ಟ್ರೆಂಟ್ ಕ್ರಿಮ್ ಪತ್ರಿಕಾಗೋಷ್ಠಿಯಲ್ಲಿ ಚುಚ್ಚುವ ಪ್ರಶ್ನೆ ಕೇಳುವವನು. ಒಂದು ದಿನವಿಡೀ ಕೋಚ್ ಜೊತೆ ಓಡಾಡಿ, ಖಾರದ ಊಟ ಹಂಚಿಕೊಂಡು, ಮೊದಲಿನ ಅಭಿಪ್ರಾಯ ಬದಲಿಸಿಕೊಂಡು ಬರೆಯುತ್ತಾನೆ. ಜೊತೆಗೆ ಓಡಾಡಿ ಬರೆಯುವುದು ಇದೇ, ಅದನ್ನು ಇಷ್ಟು ಪ್ರೀತಿಯಿಂದ ತೋರಿಸಿದ್ದು ಬೇರೆಲ್ಲೂ ನಾನು ಕಂಡಿಲ್ಲ. ಆದರೆ ಎರಡನೇ ಸೀಸನ್ ಕೊನೆಗೆ ಅವನು ಗುಟ್ಟಾಗಿ ಸುದ್ದಿ ಕೊಟ್ಟವನ ಹೆಸರನ್ನು ಕೋಚ್‌ಗೇ ಹೇಳಿಬಿಡುತ್ತಾನೆ, ಅದಕ್ಕೆ ಕೆಲಸವನ್ನೂ ಕಳೆದುಕೊಳ್ಳುತ್ತಾನೆ. ಧಾರಾವಾಹಿ ಇದನ್ನು ದೊಡ್ಡ ಗುಣವೆಂಬಂತೆ ತೋರಿಸುತ್ತದೆ. ನಾನು ಒಪ್ಪಲಾರೆ. ಸಣ್ಣ ಊರಲ್ಲಿ ಸುದ್ದಿ ಕೊಟ್ಟವನ ಹೆಸರು ಒಮ್ಮೆ ಬಾಯಿಬಿಟ್ಟರೆ ಮತ್ತೆ ಯಾರೂ ನಮ್ಮ ಬಳಿ ಬಾಯಿ ತೆರೆಯುವುದಿಲ್ಲ. ನೋಡುವುದನ್ನು ಅಲ್ಲೇ ನಿಲ್ಲಿಸಿ ಹುಡುಗನಿಗೆ ಇದನ್ನು ಹೇಳಿದೆ.

ಕ್ರೀಡೆ ಬಿಟ್ಟರೆ 'ಸ್ಪಾಟ್‌ಲೈಟ್' (2015). ಮಕ್ಕಳ ಮೇಲೆ ಪಾದ್ರಿಗಳು ನಡೆಸಿದ ಲೈಂಗಿಕ ದೌರ್ಜನ್ಯವನ್ನು ಬಯಲಿಗೆಳೆಯಲು 'ಬಾಸ್ಟನ್ ಗ್ಲೋಬ್' ಪತ್ರಿಕೆಯ ತಂಡ ಚರ್ಚಿನ ವಾರ್ಷಿಕ ಡೈರೆಕ್ಟರಿಗಳನ್ನು ಸಾಲು ಸಾಲಾಗಿ ನೋಡಿ, 'ಅನಾರೋಗ್ಯ ರಜೆ' ಎಂದಿರುವ ಪಾದ್ರಿಗಳ ಹೆಸರು ಗುರುತು ಹಾಕಿಕೊಳ್ಳುತ್ತದೆ. ಬೆನ್ನು ನೋಯುವಷ್ಟು ಕೂತು ಮಾಡುವ ಕೆಲಸ, ನೋಡಲು ಎಷ್ಟು ಚೆನ್ನ! ಹಿಂದೊಮ್ಮೆ ಇದೇ ಸುದ್ದಿ ತನ್ನ ಕೈಯಲ್ಲೇ ಒಳಪುಟಕ್ಕೆ ಸರಿದುಹೋಗಿತ್ತೆಂದು ಸಂಪಾದಕನೇ ಒಪ್ಪಿಕೊಳ್ಳುವಾಗ ಗಂಟಲು ಕಟ್ಟಿತು.

ಆದರೆ ಬಳ್ಳಾರಿಗೆ ಹತ್ತಿರದವನು 2010ರ 'ಪೀಪ್ಲಿ ಲೈವ್'ನ ರಾಕೇಶ್. ಹಳ್ಳಿಯ ವರದಿಗಾರ. ದಿಲ್ಲಿಯ ಕ್ಯಾಮೆರಾಗಳೆಲ್ಲ ಆತ್ಮಹತ್ಯೆ ಮಾಡಿಕೊಳ್ಳುತ್ತೇನೆಂದ ರೈತ ನತ್ಥಾನ ಮನೆ ಮುಂದೆ ನಿಂತಿದ್ದಾಗ, ಮಣ್ಣು ಅಗೆದು ಮಾರುತ್ತಿದ್ದ ಹೋರಿ ಮಹತೋ ಸತ್ತದ್ದು ಇವನೊಬ್ಬನನ್ನೇ ಕಾಡುತ್ತದೆ. ಮಾದರಿಯೆಂದು ನಂಬಿದ್ದ ದಿಲ್ಲಿಯ ವರದಿಗಾರ್ತಿಗೂ ಅದು ಸುದ್ದಿ ಅನಿಸುವುದಿಲ್ಲ. ಕೊನೆಗೆ ರಾಕೇಶ್ ಬೆಂಕಿಗೆ ಬಲಿಯಾದರೆ ಆ ಹೆಣವನ್ನೂ ನತ್ಥಾನದೆಂದು ತಿಳಿಯುತ್ತಾರೆ. ಒಂದು ಸಾವಿನ ಸುದ್ದಿಯಲ್ಲೂ ಅವನ ಹೆಸರು ಬರುವುದಿಲ್ಲ. ಸ್ಟ್ರಿಂಗರ್ ಆಗಿ, ಅಂದರೆ ಕಾಯಂ ನೌಕರಿಯಿಲ್ಲದ ವರದಿಗಾರರಾಗಿ, ದುಡಿದ ನಮ್ಮಂಥವರಿಗೆ ಇದು ಬರೀ ಸಿನಿಮಾ ಅಲ್ಲ.

ಹುಡುಗನಿಗೆ ನನ್ನ ಉತ್ತರ ಹೀಗಿತ್ತು: ಮೊದಲು 'ಪೀಪ್ಲಿ', ಆಮೇಲೆ 'ಸ್ಪಾಟ್‌ಲೈಟ್' ಇನ್ನೊಮ್ಮೆ, ಈ ಸಲ ಪೆನ್ನು ಹಿಡಿದು. ಕ್ರೀಡೆಯೇ ಬರೆಯುವುದಾದರೆ 'ಆಡ್ ಕಪಲ್'ನ ಶೇ ಸ್ಟೇಡಿಯಂ ದೃಶ್ಯವೊಂದೇ ಸಾಕು. ಉಳಿದದ್ದಕ್ಕೆ ಜಿಲ್ಲಾ ಕ್ರೀಡಾಂಗಣಕ್ಕೆ ಬಂದು ಸ್ಕೋರರ್ ಪಕ್ಕ ಕೂರಲಿ, ಫೋನ್ ಜೇಬಿನಲ್ಲಿರಲಿ.