ಒಂಬತ್ತು ತಿಂಗಳ ಮ್ಯಾನ್ಯುಯಲ್ ಥೆರಪಿ ಮತ್ತು ಅಪ್ಪನ ಬೈರಾಸು

ಡೊಂಬಿವಲಿ ಸ್ಟೇಷನ್ನಿನಲ್ಲಿ ಗಾಡಿ ಬಂತಾ ಅಂತ ನೋಡಲು ನಾನು ಇಡೀ ಮೈಯನ್ನೇ ಬಲಕ್ಕೆ ತಿರುಗಿಸುತ್ತಿದ್ದೆ. ಕತ್ತು ಅಷ್ಟು ಬಿಗಿದಿತ್ತು. ಮುಂಬಯಿಯ ಫೋರ್ಟಿನ ಆಫೀಸಿನಲ್ಲಿ ದಿನವಿಡೀ ಲೆಕ್ಕದ ಕೆಲಸ. ಹೋಗಲು ಒಂದು ಗಂಟೆಗೂ ಜಾಸ್ತಿ ಲೋಕಲ್, ಬರಲು ಅಷ್ಟೇ. ಅಲ್ಲೂ ತಲೆ ಬಗ್ಗಿಸಿ ಮೊಬೈಲು. ದಿಂಬು ಬದಲಿಸಿದೆ, ಎಣ್ಣೆ ತಿಕ್ಕಿದೆ, ಮುಲಾಮು ಹಚ್ಚಿದೆ. ಕೊನೆಗೆ ಡಾಕ್ಟರು ಎಕ್ಸ್‌ರೇ ನೋಡಿ, ಹೆದರುವಂಥದ್ದೇನಿಲ್ಲ, ಫಿಸಿಯೋಥೆರಪಿ ಮಾಡಿಸಿ ಅಂದರು.

ಮೊದಲು ಹೋದ ಕ್ಲಿನಿಕ್ಕಿನ ಮೇಲೆ ನನಗೆ ಇನ್ನೂ ಸಿಟ್ಟಿದೆ. 12 ಸಿಟ್ಟಿಂಗಿನ ಪ್ಯಾಕೇಜ್ ಅಂತ 6,000 ರೂಪಾಯಿ ಮೊದಲೇ ಕಟ್ಟಿಸಿಕೊಂಡರು. ಹುಡುಗಿ ಬಿಸಿ ಪ್ಯಾಕ್ ಇಟ್ಟು, ಕರೆಂಟಿನ ಮೆಷಿನ್ ಹಚ್ಚಿ ಹೊರಗೆ ಹೋಗಿಬಿಡುತ್ತಿದ್ದಳು. ಬೀಪ್ ಅಂದಾಗ ಬಂದು ತೆಗೆಯುತ್ತಿದ್ದಳು. ಹನ್ನೆರಡು ದಿನದಲ್ಲಿ ಒಬ್ಬರೂ ನನ್ನ ಕತ್ತು ಮುಟ್ಟಿ ನೋಡಲಿಲ್ಲ. ಬೋರ್ಡಿನಲ್ಲಿ ಮಾತ್ರ ಮ್ಯಾನ್ಯುಯಲ್ ಥೆರಪಿ ಅಂತ ದೊಡ್ಡದಾಗಿ ಬರೆದಿತ್ತು. ಕೈಯಿಂದ ಮಾಡುವುದಕ್ಕೇ ಅಲ್ವಾ ಆ ಹೆಸರು?

ಈಗಿನ ಕ್ಲಿನಿಕ್ಕನ್ನು ಹೇಳಿದ್ದು ಲೇಡೀಸ್ ಡಬ್ಬಿಯ ಗೆಳತಿ. ಎರಡನೇ ಮಹಡಿ, ಲಿಫ್ಟ್ ಇಲ್ಲ, ಒಂದೇ ಮಂಚ. ಮೊದಲ ದಿನ ಮ್ಯಾಡಮ್ ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದರು. ಕೈ ಜೋಮು ಹಿಡಿಯುತ್ತಾ? ಹಿಡಿದದ್ದು ಜಾರಿ ಬೀಳುತ್ತಾ? ತಲೆ ಸುತ್ತುತ್ತಾ, ಒಂದು ಎರಡಾಗಿ ಕಾಣುತ್ತಾ? ಬಿಪಿ ಎಷ್ಟು? ಲಟಕ್ ಅಂತ ನಟಿಕೆ ತೆಗೆಯುತ್ತೀರಾ ಅಂತ ನಾನು ಹೆದರುತ್ತಲೇ ಕೇಳಿದೆ. ನಿಮಗೆ ಅದು ಬೇಕಿಲ್ಲ ಅಂದರು. ಕತ್ತನ್ನು ರಭಸದಿಂದ ತಿರುಚಿದರೆ, ಅಪರೂಪಕ್ಕಾದರೂ, ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಸೀಳಿ ಸ್ಟ್ರೋಕ್ ಆಗುವುದುಂಟಂತೆ. ನಮ್ಮ ಯಜಮಾನರು ಸೆಲೂನಿನಲ್ಲಿ ಕತ್ತಿನ ನಟಿಕೆ ತೆಗೆಸಿಕೊಳ್ಳುತ್ತಿದ್ದರು. ಅವತ್ತೇ ಬಿಡಿಸಿದೆ.

ಬೋರಲು ಮಲಗಿಸಿ, ಎರಡೂ ಹೆಬ್ಬೆರಳಿಂದ ಕತ್ತಿನ ಮೂಳೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಬಲಗಡೆ ಒಂದು ಜಾಗ ಬಂದರೆ ನಾನು ಹೇಳುವ ಮೊದಲೇ ಅವರ ಬೆರಳು ನಿಲ್ಲುತ್ತದೆ. ಅಲ್ಲಿ ತೊಟ್ಟಿಲು ತೂಗುವ ಹಾಗೆ ಒತ್ತಿ ಬಿಡುತ್ತಾ ಇರುತ್ತಾರೆ.

ನಾನು ಕಾಯುವುದು ಕೊನೆಯ ಐದು ನಿಮಿಷಕ್ಕೆ. ಅಂಗಾತ ಮಲಗಿಸಿ, ತಲೆಬುರುಡೆ ಕತ್ತಿಗೆ ಸೇರುವ ಕಡೆ ಬೆರಳ ತುದಿ ಇಟ್ಟು, ತಲೆ ನನಗೆ ಕೊಡಿ ಅನ್ನುತ್ತಾರೆ. ಮೊದಲ ಸಲ ಕೊಡಲು ಬರಲೇ ಇಲ್ಲ. ನನಗೇ ಗೊತ್ತಿಲ್ಲದೆ ಎತ್ತಿ ಹಿಡಿದಿದ್ದೆ. ದೊಡ್ಡವರ ತಲೆ ನಾಲ್ಕೂವರೆ, ಐದು ಕಿಲೋ ತೂಗುತ್ತದಂತೆ. ಮೂರನೇ ಸಲ ಬಿಟ್ಟುಕೊಟ್ಟೆ. ಕೆಳಗೆ ಲೋಕಲ್ ಹೋದ ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ. ಎದ್ದಾಗ ಕಣ್ಣು ಒದ್ದೆಯಾಗಿತ್ತು.

ಆದರೆ ಈ ಸುಖ ಎರಡೇ ದಿನ. ಮೂರನೇ ದಿನ ಮತ್ತೆ ಅದೇ ಬಿಗಿತ. ಒಂದು ಸಿಟ್ಟಿಂಗಿಗೆ 700 ರೂಪಾಯಿ, ನಮ್ಮ ಮನೆಯ ಲೆಕ್ಕಕ್ಕೆ ಜಾಸ್ತಿಯೇ. ಹೀಗೇ ಎಷ್ಟು ದಿನ ಬರಬೇಕು ಅಂತ ಐದನೇ ಸಲ ನೇರವಾಗಿ ಕೇಳಿಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಾನು ಸಡಿಲ ಮಾಡಿದ್ದನ್ನು ನೀವು ವ್ಯಾಯಾಮ ಮಾಡಿ ಉಳಿಸಿಕೊಳ್ಳಬೇಕು, ಮುಂದಿನ ಸಲ ಒಂದು ತೆಳು ಟವೆಲ್ ತನ್ನಿ ಅಂದರು. ಕುಂದಾಪುರದಿಂದ ತಂದ ಅಪ್ಪನ ಹಳೆಯ ಬೈರಾಸು ಒಯ್ದೆ.

ಈಗ ದಿನಾ ಬೆಳಿಗ್ಗೆ ಚಾ ಕುದಿಯುವಷ್ಟು ಹೊತ್ತು ಅದೇ ಕೆಲಸ. ಬೈರಾಸಿನ ಅಂಚನ್ನು ಆ ಮೂಳೆಗೆ ಸರಿಯಾಗಿ ಕೂರಿಸುತ್ತೇನೆ. ಒಂದು ತುದಿ ಎದೆಯ ಹತ್ತಿರ ಹಿಡಿದು, ಇನ್ನೊಂದನ್ನು ಕೆನ್ನೆಯ ಪಕ್ಕದಿಂದ ಮುಂದಕ್ಕೆ ಎಳೆಯುತ್ತಾ ಮೆಲ್ಲಗೆ ಕತ್ತು ತಿರುಗಿಸುತ್ತೇನೆ. ನೋಯಲೇಬಾರದು. ನೋಯಿತೆಂದರೆ ಅಂಚು ಜಾಗ ತಪ್ಪಿದೆ, ಚೂರು ಮೇಲೆ ಕೆಳಗೆ ಸರಿಸಬೇಕು. ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ಅನ್ನುವ ಫಿಸಿಯೋಥೆರಪಿಸ್ಟ್ ರೂಢಿಗೆ ತಂದ ವಿಧಾನ ಇದು. ವಿಡಿಯೋ ನೋಡಿ ಶುರು ಮಾಡಬೇಡಿ, ಯಾವ ಕಡೆ ಎಳೆಯಬೇಕು ಅಂತ ಒಮ್ಮೆ ಫಿಸಿಯೋಥೆರಪಿಸ್ಟರ ಕೈಯಲ್ಲೇ ಕಲಿಯಬೇಕು. ಸಂಜೆ ಲೋಕಲ್ಲಿನಲ್ಲಿ ಸೀಟು ಸಿಕ್ಕರೆ ಗದ್ದ ಒಳಗೆಳೆದು ಹಿಡಿಯುವ ವ್ಯಾಯಾಮ. ಮೊಬೈಲು ಬ್ಯಾಗಿನಲ್ಲೇ ಇರುತ್ತದೆ.

ಒಟ್ಟು 16 ಸಿಟ್ಟಿಂಗ್, 11,200 ರೂಪಾಯಿ. ಮೊದಲು ವಾರಕ್ಕೆ ಎರಡು, ಆಮೇಲೆ ಒಂದು, ಈಗ ತಿಂಗಳಿಗೊಂದು. ಕಡಿಮೆ ಮಾಡಿದ್ದು ನಾನಲ್ಲ, ಅವರೇ. ಮಾರ್ಚ್ ಕೊನೆಯ ಲೆಕ್ಕದ ವಾರದಲ್ಲಿ ಕತ್ತು ಮತ್ತೆ ಹಿಡಿದುಕೊಂಡಿತ್ತು. ಬೈರಾಸಿನಿಂದಲೇ ನಾಲ್ಕು ದಿನದಲ್ಲಿ ಬಿಟ್ಟಿತು. ಮೊದಲಾದರೆ ಹದಿನೈದು ದಿನ ಹಿಡಿಯುತ್ತಿತ್ತು.

ಮೆಟ್ಟಿಲು ಹತ್ತಲಾಗದವರಿಗೆ ಈ ಕ್ಲಿನಿಕ್ ಕಷ್ಟ. ಸಂಜೆ ಏಳರ ಮೇಲಿನ ಸಮಯ ಸಿಗಬೇಕಾದರೆ ವಾರ ಮೊದಲೇ ಹೇಳಿಡಬೇಕು. ಹೋಗುವಾಗ ಮನೆಯಿಂದಲೇ ಹಳೆಯ ಬೈರಾಸು ಒಯ್ಯಿರಿ. ಅಲ್ಲಿನ ಟವೆಲ್ ದಪ್ಪ, ಅಂಚು ಮೂಳೆಗೆ ಕೂರುವುದಿಲ್ಲ.