ಅಜ್ಜನ ಕೇಪಿನ ಕೋವಿ, ಏಳು ವರ್ಷ: ಏನು ಕೊಂಡೆ, ಏನು ಮನೆಯಲ್ಲೇ ಮಾಡಿಕೊಂಡೆ

ಕೊಡಗಿನ ನಮ್ಮ ಮನೆಯಲ್ಲಿರುವುದು ಅಜ್ಜನ ಕಾಲದ ಕೇಪಿನ ಕೋವಿ, ಅಂದರೆ ಬಾಯಿಯಿಂದ ಮದ್ದು ತುಂಬಿ, ಕೇಪು ಅನ್ನುವ ಸಣ್ಣ ಸಿಡಿಯುವ ಟೊಪ್ಪಿಯಿಂದ ಹೊತ್ತಿಸುವ ಬಂದೂಕು. ಒಂಟಿ ನಳಿಗೆ, 12 ಬೋರು. ಏಳು ವರ್ಷದ ಹಿಂದೆ, ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಪತ್ರ ನನ್ನ ಹೆಸರಿಗೆ ಬಂತು. ಅಂದಿನಿಂದ ಅದರ ಆರೈಕೆಯೆಲ್ಲ ನನ್ನದೇ. ಸುಗ್ಗಿ ಹಬ್ಬ ಹುತ್ತರಿಯಲ್ಲಿ ಕದಿರು ತೆಗೆಯುವಾಗ ಒಂದು ಗುಂಡು, ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿ, ನಡುವೆ ಅಭ್ಯಾಸ. ವರ್ಷಕ್ಕೆ ನಲವತ್ತೈವತ್ತು ಈಡಿಗಿಂತ ಜಾಸ್ತಿ ಇಲ್ಲ. ಆದ್ರೆ ಮದ್ದು (ಕರಿಮದ್ದು), ಕೇಪು, ಚರೆ (ಸಣ್ಣ ಗುಂಡಿನ ಕಾಳು), ಬಿಲ್ಲೆ, ಜಿಡ್ಡು, ತೊಳೆಯುವ ದ್ರಾವಣ, ಎಲ್ಲವನ್ನೂ ಅಂಗಡಿಯಿಂದಲೇ ತರುತ್ತಾ ಹೋದರೆ ಖರ್ಚು ಸುಮ್ನೆ ಏರುತ್ತದೆ. ಹಾಗಾಗಿ ಒಂದೊಂದನ್ನೇ ಪರೀಕ್ಷಿಸುತ್ತಾ ಬಂದೆ.

ಮೊದಲು ಮದ್ದಿನ ವಿಷಯ. ಇದನ್ನು ಮನೆಯಲ್ಲಿ ಮಾಡಲೇಬೇಡಿ. ಅಜ್ಜನ ಕಾಲದಲ್ಲಿ ಮಾಡುತ್ತಿದ್ದರಂತೆ. ನಮ್ಮ ದೊಡ್ಡಪ್ಪನ ಬಲಗೈಯ ಮೇಲಿದ್ದ ಸುಟ್ಟ ಕಲೆ ಅದರದ್ದೇ. ಮೊಣಕೈವರೆಗೂ ಚರ್ಮ ಮುದುಡಿತ್ತು. ಕೊಡವರಿಗೂ ವಂಶಪಾರಂಪರ್ಯವಾಗಿ ಜಮ್ಮಾ ಭೂಮಿ ಹೊಂದಿದವರಿಗೂ 1861ರಿಂದ ಕೋವಿಯ ವಿಷಯದಲ್ಲಿ ವಿನಾಯಿತಿ ಇದೆ, ಈಗಿನದು 2029ರವರೆಗೆ. ಆದ್ರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ. ಮದ್ದು ತಯಾರಿಸುವುದಕ್ಕೆ ಬೇರೆಯೇ ಪರವಾನಗಿ ಬೇಕು. ಇನ್ನೊಂದು ಮಾತು. ಕೊಂಡ ಮದ್ದಿನ ಕಾಳು ಒಂದೇ ಸಮ ಇರುತ್ತದೆ, ಹಾಗಾಗಿ ಅಳತೆ ಪಾತ್ರೆಯಲ್ಲಿ ಪ್ರತಿ ಸಲ ಅಷ್ಟೇ ಹಾಕಿದರೆ ಗುರಿಯೂ ಅಷ್ಟೇ ಸಮ ಬರುತ್ತದೆ. ಆಕಾಶ ಬಿದ್ದರೂ ತೋಟಾದೊಳಗಿನ (ಕಾರ್ಟ್ರಿಜ್‌ನ) ಹೊಗೆರಹಿತ ಮದ್ದನ್ನು ಈ ಕೋವಿಗೆ ಹಾಕಬೇಡಿ. ನಳಿಗೆ ಒಡೆಯುತ್ತದೆ.

ಕೇಪು ಕೂಡ ಕೊಳ್ಳುವುದೇ. ಇಲ್ಲಿ ನನಗೊಂದು ನೋವಿದೆ. ಮೂರನೇ ವರ್ಷ ಒಂದು ಅಂಗಡಿಯಲ್ಲಿ ಆಗಸ್ಟ್ ತಿಂಗಳ ಮಳೆಯಲ್ಲಿ ತಂದ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ನಾನೂ ಗಮನಿಸಲಿಲ್ಲ. ಕೈಲ್ ಮುಹೂರ್ತದ ದಿನ ಊರವರೆಲ್ಲ ನೋಡುತ್ತಿದ್ದಾರೆ, ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ಪೂಜೆ ಮಾಡಿದ ಕೋವಿ ಕೈಯಲ್ಲಿದೆ. ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿತ್ತು, ಟಿಕ್ ಅಂತ ಶಬ್ದ, ಅಷ್ಟೇ. ಪಕ್ಕದವರು 'ಇಳಿಸಿ, ಇಳಿಸಿ' ಅಂದರು. ಇಳಿಸಲಿಲ್ಲ. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ನಿಂತೆ. ಆಮೇಲೆ ಹೊಸ ಕೇಪು ಹಾಕಿದೆ, ಅದೂ ಟಿಕ್. ಮೂರನೆಯದು ಹೊಡೆಯಿತು. ಅವತ್ತಿನಿಂದ ಕೇಪನ್ನು ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ, ಔಷಧಿ ಬಾಟಲಿಯಲ್ಲಿ ಬರುವ ತೇವ ಹೀರುವ ಪೊಟ್ಟಣದ ಜೊತೆ ಇಡುತ್ತೇನೆ. ಮತ್ತೆ ಒಂದೂ ಕೈಕೊಟ್ಟಿಲ್ಲ. ಒಣಗಿರಲಿ ಅಂತ ಮದ್ದನ್ನೂ ಕೇಪನ್ನೂ ಒಲೆ ಮೇಲಿನ ಅಟ್ಟದಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಚರೆಯನ್ನೂ ಅಂಗಡಿಯಿಂದಲೇ ತರುತ್ತೇನೆ.

ಇನ್ನು ಬಿಲ್ಲೆ. ಮದ್ದಿನ ಮೇಲೆ ಗಜದಿಂದ, ಅಂದರೆ ನಳಿಗೆಯೊಳಗೆ ತೂರಿಸುವ ಉದ್ದನೆ ಕೋಲಿನಿಂದ, ಇಳಿಸಿ ಅದುಮುವ ಬಿಲ್ಲೆ. ಇಲ್ಲಿ ಮನೆಯದ್ದೇ ಗೆದ್ದಿತು. ಹಳಬರು ತೆಂಗಿನ ನಾರು ತುರುಕುತ್ತಿದ್ದರು. ನಾನೂ ಎರಡು ವರ್ಷ ಅದನ್ನೇ ಬಳಸಿದೆ. ಒಂದು ಫೆಬ್ರವರಿಯಲ್ಲಿ ಉರಿಯುತ್ತಿರುವ ನಾರು ಒಣಹುಲ್ಲಿಗೆ ಬಿತ್ತು. ಕಾಫಿ ಗಿಡಗಳ ಬುಡದಲ್ಲಿ ಬೆಂಕಿ ಹತ್ತಿ ಐದು ನಿಮಿಷ ಸೊಪ್ಪಿನಲ್ಲಿ ಬಡಿದು ಆರಿಸಬೇಕಾಯಿತು. ಕಾಗದವೂ ಹಾಗೇ ಕೆಂಡ ಹಿಡಿಯುತ್ತದೆ. ಈಗ ಹಳೇ ಕಂಬಳಿ. ಉಣ್ಣೆ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ನಮ್ಮ ನಳಿಗೆಯ ಒಳಗಿನ ಅಳತೆ ಸುಮಾರು 18.5 ಮಿಲಿಮೀಟರ್. ಕಬ್ಬಿಣದ ಕೊಳವೆಯ ತುದಿಯನ್ನು ಹರಿತ ಮಾಡಿಸಿ, ಮರದ ತುಂಡಿನ ಮೇಲೆ ಕಂಬಳಿ ಮಡಚಿಟ್ಟು ಸುತ್ತಿಗೆಯಿಂದ ಹೊಡೆದರೆ 19ರ ಬಿಲ್ಲೆಗಳು ಉದುರುತ್ತವೆ. ಒಂದು ಕಂಬಳಿ ನನಗೆ ನಾಲ್ಕು ವರ್ಷ ಬಂತು. ಅಂಗಡಿಯ ಬಿಲ್ಲೆ ಇನ್ನೂ ಚೊಕ್ಕವಾಗಿ ಕಾಣುತ್ತದೆ, ನಿಜ. ಗುರಿಯಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ.

ಒಂಟಿ ಗುಂಡು ಹಾಕುವಾಗ ಸುತ್ತುವ ಬಟ್ಟೆಯೂ ಮನೆಯದ್ದೇ. ಅಪ್ಪನ ಹಳೇ ಪಂಚೆ, ಗಂಜಿ ಹೋಗುವ ಹಾಗೆ ತೊಳೆದದ್ದು. ಒಂದು ಎಳೆ ತೆಗೆದು ಸುಟ್ಟು ನೋಡಿ. ಬೂದಿಯಾದರೆ ಹತ್ತಿ. ಕರಗಿ ಮಣಿಯಾದರೆ ಟೆರಿಕಾಟ್, ಅದು ನಳಿಗೆಯ ಒಳಗೆ ಅಂಟಿಕೊಳ್ಳುತ್ತದೆ.

ಈ ಬಟ್ಟೆಗೆ ಹಚ್ಚುವ ಜಿಡ್ಡಿನ ವಿಷಯದಲ್ಲಿ ಸ್ವಲ್ಪ ತಪ್ಪು ಮಾಡಿದೆ. ಜೇನಿಗೆ ನಮ್ಮಲ್ಲಿ ಬರವಿಲ್ಲ, ಮೇಣವೂ ಸಿಗುತ್ತದೆ. ಮೇಣಕ್ಕೆ ಕೊಬ್ಬರಿ ಎಣ್ಣೆ ಬೆರೆಸಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ, ಹುತ್ತರಿಯ ಚಳಿಗೆ ಡಬ್ಬಿಯಲ್ಲಿ ಕಲ್ಲಾಗಿತ್ತು. ಈಗ ಹರಳೆಣ್ಣೆ ಬೆರೆಸುತ್ತೇನೆ, ವರ್ಷವಿಡೀ ಮೆತ್ತಗೆ ಇರುತ್ತದೆ. ಎಂಜಿನ್ ಆಯಿಲ್ ಬೇಡ, ಮದ್ದಿನ ಮಸಿ ಜೊತೆ ಸೇರಿ ಟಾರಿನ ಹಾಗೆ ಕೂತುಬಿಡುತ್ತದೆ.

ತೊಳೆಯುವುದಕ್ಕೆ ಕೊಂಡ ದ್ರಾವಣವನ್ನು ಒಂದು ಬಾಟಲಿ ಮುಗಿಸಿ ನಿಲ್ಲಿಸಿದೆ. ಕೆಟ್ಟದ್ದಲ್ಲ, ಬೇಕಾಗಿಲ್ಲ ಅಷ್ಟೇ. ಕರಿಮದ್ದು ಸುಟ್ಟಾಗ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಮಸಿಯಾಗಿ ಉಳಿಯುತ್ತದೆ. ಅದರಲ್ಲಿರುವ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೂ ತುಕ್ಕು ಗ್ಯಾರಂಟಿ. ಆ ಉಪ್ಪು ಕರಗುವುದು ನೀರಿನಲ್ಲೇ. ಹೊಡೆದ ದಿನವೇ ನಳಿಗೆ ಬಿಚ್ಚಿ, ಕುದಿಯುವ ನೀರಿಗೆ ಚೂರು ಸೋಪು ಹಾಕಿ ಸುರಿಯುತ್ತೇನೆ. ಮೊದಲು ಕಪ್ಪು ನೀರು, ಕೊಳೆತ ಮೊಟ್ಟೆಯ ವಾಸನೆ. ಮೂರನೇ ಚೆಂಬಿಗೆ ತಿಳಿಯಾಗುತ್ತದೆ. ನಳಿಗೆ ಬಿಸಿಯಾಗಿರುವುದರಿಂದ ಬೇಗ ಆರುತ್ತದೆ. ಒಣಬಟ್ಟೆಯಲ್ಲಿ ಒರೆಸಿ ಎಣ್ಣೆ ಸವರಿ, ಮರುದಿನ ಬೆಳಿಗ್ಗೆ ಗಜಕ್ಕೆ ಬಿಳಿ ಬಟ್ಟೆ ಸುತ್ತಿ ಇನ್ನೊಮ್ಮೆ ಎಳೆಯಬೇಕು. ಕಂದು ಬಣ್ಣ ಬಂದರೆ ಮತ್ತೆ ಮೊದಲಿಂದ. ಅಲ್ವಾ, ಇಷ್ಟು ಕೆಲಸ ಇದೆ ಅಂತಲೇ ತುಂಬಾ ಜನ ಈ ಕೋವಿಯನ್ನು ಗೋಡೆಗೆ ನೇತುಹಾಕಿಬಿಟ್ಟಿದ್ದಾರೆ.

ಈ ವರ್ಷ ಜೂನ್‌ನಿಂದ ಬಿಡದೆ ಮಳೆ. ಹೋದ ವಾರ ನಳಿಗೆ ಬಿಚ್ಚಿ ಬಟ್ಟೆ ಎಳೆದು ನೋಡಿದೆ. ಬೆಳ್ಳಗೇ ಬಂತು.